ಆಕ್ಟೇವಿಯಾ ಆರ್‌ಎಸ್‌ಗೆ ಬೇರೆ ಕ್ಯಾಮ್‌ಶಾಫ್ಟ್ ಹಾಕಿಸಬಹುದಾ? 252 ಅಥವಾ 272?

ಬನಶಂಕರಿ ಬೂಸ್ಟ್
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 2005ರ ಆಕ್ಟೇವಿಯಾ ಆರ್‌ಎಸ್ ಇದೆ. 1.8 ಲೀಟರ್ ಟರ್ಬೊ ಪೆಟ್ರೋಲ್, 20 ವಾಲ್ವ್. ಕಂಪನಿ ಲೆಕ್ಕದಲ್ಲಿ 150 ಬಿಎಚ್‌ಪಿ, 210 ಎನ್‌ಎಂ. ಹಿಂದಿನ ಮಾಲೀಕರು ಇಸಿಯು (ಎಂಜಿನ್ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದ್ದಾರೆ, ಡೌನ್‌ಪೈಪ್ (ಟರ್ಬೊದಿಂದ ಹೊರಬರುವ ಎಕ್ಸಾಸ್ಟ್ ಪೈಪ್) ಕೂಡ ದೊಡ್ಡದು ಹಾಕಿಸಿದ್ದಾರೆ. ಟರ್ಬೊ ಮಾತ್ರ ಕಂಪನಿಯ ಕೆ03.

ಈಗ ಟೈಮಿಂಗ್ ಬೆಲ್ಟ್ ಬದಲಾಯಿಸಬೇಕು. ಹೇಗೂ ಅಲ್ಲೆಲ್ಲ ಬಿಚ್ಚುತ್ತಾರಲ್ಲ, ಜೊತೆಗೆ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಕೂಡ ಹಾಕಿಸಿಬಿಡೋಣ ಅಂತ ಆಸೆ. ಕೆಳಗೆ ಪಿಕಪ್ ಚೆನ್ನಾಗಿದೆ, ಆದರೆ 5,500 ಆರ್‌ಪಿಎಂ ದಾಟಿದ ಮೇಲೆ ಗಾಡಿಗೆ ಉಸಿರೇ ಇಲ್ಲ. ಒಬ್ಬ ಟ್ಯೂನರ್ 272 ಡಿಗ್ರಿಯದು (ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋ ಲೆಕ್ಕ) ಹಾಕಿಸಿ ಅಂತಾರೆ. ಇನ್ನೊಬ್ಬರು 252 ಸಾಕು ಅಂತಾರೆ. ದಿನಾ ಆಫೀಸಿಗೂ ಇದೇ ಕಾರು, ಭಾನುವಾರ ನಂದಿ ಬೆಟ್ಟಕ್ಕೂ ಇದೇ ಕಾರು. ಏನು ಮಾಡಲಿ?

ಡೀಸೆಲ್ ದೊರೆ
ಮೊದಲು ಬೆಲ್ಟ್ ಹಾಕಿಸಿ ಸಾರ್. ಅದು ಕಿತ್ತು ಹೋದರೆ 252 ಏನು 272 ಏನು, ವಾಲ್ವೆಲ್ಲ ಪಿಸ್ಟನ್‌ಗೆ ಬಡಿದು ಬಗ್ಗಿರುತ್ತೆ.

ಶಿರಾಡಿ ಸವಾರ
272 ಹಾಕಿ ಮಾರಾಯ್ರೆ, ಯೋಚನೆ ಎಂತದು? ಐಡ್ಲಿಂಗ್‌ನಲ್ಲಿ ಗುಡುಗುಡು ಅಂತ ಒಂದು ಶಬ್ದ ಬರ್ತದಲ್ಲ, ಅದಕ್ಕೇ ದುಡ್ಡು ಕೊಡಬಹುದು. ನನ್ನ ಹಳೇ ಎಸ್ಟೀಮ್‌ಗೆ ದೊಡ್ಡ ಕ್ಯಾಮ್ ಹಾಕಿಸಿದ ಮೇಲೆ ಮೇಲಿನ ಆರ್‌ಪಿಎಂನಲ್ಲಿ ಗಾಡಿ ಬೇರೆಯೇ ಆಗಿತ್ತು.

ಲೇತ್ ಮೇಷ್ಟ್ರು
ಸವಾರರೇ, ಎಸ್ಟೀಮ್ ಲೆಕ್ಕ ಇಲ್ಲಿಗೆ ತರಬೇಡಿ. ಅದು ತಾನೇ ಗಾಳಿ ಎಳೆದುಕೊಳ್ಳುವ ಎಂಜಿನ್. ಅಲ್ಲಿ ಎಕ್ಸಾಸ್ಟ್ ಗ್ಯಾಸ್ ಹೊರಗೆ ಓಡುವಾಗ ಹಿಂದೆ ಒಂದು ಎಳೆತ ಹುಟ್ಟುತ್ತೆ. ಎರಡೂ ಕಡೆಯ ವಾಲ್ವ್ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿದ್ದರೆ ಆ ಎಳೆತಕ್ಕೆ ಹೊಸ ಗಾಳಿ ಒಳಗೆ ಬರುತ್ತೆ. ಅದೇ ಓವರ್‌ಲ್ಯಾಪ್‌ನ ಲಾಭ.

ಕೆ03ರಂಥ ಪುಟ್ಟ ಟರ್ಬೊದಲ್ಲಿ ಪರಿಸ್ಥಿತಿ ಉಲ್ಟಾ. ಟರ್ಬೈನ್ ಸಣ್ಣದು, ಗ್ಯಾಸ್ ಹೊರಗೆ ಹೋಗೋಕೆ ದಾರಿ ಇಕ್ಕಟ್ಟು. ಇನ್‌ಟೇಕ್ ಕಡೆ 0.8 ಬಾರ್ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇದ್ದರೆ, ಮೇಲಿನ ಆರ್‌ಪಿಎಂನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಳಗೆ ಅದರ ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು ಒತ್ತಡ ಕೂತಿರುತ್ತೆ. ಆಗ ಎರಡು ವಾಲ್ವ್ ಒಟ್ಟಿಗೆ ತೆರೆದರೆ ಏನಾಗುತ್ತೆ? ಸುಟ್ಟ ಗ್ಯಾಸ್ ವಾಪಸ್ ಸಿಲಿಂಡರ್‌ಗೆ, ಅಲ್ಲಿಂದ ಇನ್‌ಟೇಕ್‌ಗೆ ನುಗ್ಗುತ್ತೆ. ಗಾಳಿ ಬಿಸಿ, ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯೋದು) ಜಾಸ್ತಿ, ಇಸಿಯು ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ. ದುಡ್ಡು ಕೊಟ್ಟು ಪವರ್ ಕಳಕೊಂಡ ಹಾಗೆ.

ಓವರ್‌ಲ್ಯಾಪ್ ಲೆಕ್ಕ ಹಾಕೋದು ಸುಲಭ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಡ್ಯುರೇಶನ್ (ಆ 252, 272 ಅಂಕಿ) ಕೂಡಿಸಿ ನಾಲ್ಕರಿಂದ ಭಾಗಿಸಿ, ಅದರಲ್ಲಿ ಲೋಬ್ ಸೆಪರೇಶನ್ (ಎರಡು ಕ್ಯಾಮ್‌ಗಳ ಲೋಬ್ ಅಂದರೆ ಉಬ್ಬುಗಳ ತುದಿಗಳ ನಡುವಿನ ಕೋನ) ಕಳೆಯಿರಿ, ಉಳಿದದ್ದಕ್ಕೆ ಎರಡರಿಂದ ಗುಣಿಸಿ. 272ರ ಜೋಡಿ, ಸೆಪರೇಶನ್ 108 ಇದ್ದರೆ 56 ಡಿಗ್ರಿ ಓವರ್‌ಲ್ಯಾಪ್. 252ರ ಜೋಡಿ, 114 ಇದ್ದರೆ 24 ಡಿಗ್ರಿ. ಬೀದಿಯಲ್ಲಿ ಓಡಿಸುವ ಸಣ್ಣ ಟರ್ಬೊ ಗಾಡಿಗೆ ಎರಡನೆಯದು ಮೇಲು. ಆದರೆ ಕೆ03 ಇರುವವರೆಗೆ ಎರಡೂ ಬೇಡ ಅಂತಲೇ ನನ್ನ ಅಭಿಪ್ರಾಯ.

ಬನಶಂಕರಿ ಬೂಸ್ಟ್
ಮೇಷ್ಟ್ರೇ, ಹಾಗಾದ್ರೆ 5,500 ಮೇಲೆ ಉಸಿರು ಕಟ್ಟೋದು ಕ್ಯಾಮ್‌ನಿಂದ ಅಲ್ವಾ?

ಲಾಗ್ ನೋಡಿ ಮಾತಾಡಿ
ಊಹೆ ಯಾಕೆ? ವಿಸಿಡಿಎಸ್ ಕೇಬಲ್ (ಲ್ಯಾಪ್‌ಟಾಪ್‌ನಲ್ಲಿ ಇಸಿಯು ಅಂಕಿ ಓದುವ ಕೇಬಲ್) ಇದ್ದರೆ ಬ್ಲಾಕ್ 115 ತೆಗೆಯಿರಿ. ಇಸಿಯು ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಎರಡೂ ಬರುತ್ತೆ. ಮೂರನೇ ಗೇರಲ್ಲಿ 2,000ದಿಂದ ಕೆಂಪು ಗೆರೆವರೆಗೆ ಪೂರ್ತಿ ಎಕ್ಸಲರೇಟರ್ ಕೊಟ್ಟು ಲಾಗ್ ಮಾಡಿ. ಖಾಲಿ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು. 5,000 ಮೇಲೆ ಕೇಳಿದ್ದಕ್ಕಿಂತ ಸಿಕ್ಕಿದ್ದು ಇಳಿಯುತ್ತಾ ಹೋದರೆ, ಪೈಪ್‌ಗಳಲ್ಲಿ ಲೀಕ್ ಇಲ್ಲ ಅಂತಲೂ ಖಾತ್ರಿ ಇದ್ದರೆ, ಟರ್ಬೊದ ಕೈಲಿ ಆಗ್ತಾ ಇಲ್ಲ ಅಂತ ಅರ್ಥ. ಆಗ ಯಾವ ಕ್ಯಾಮ್ ಹಾಕಿದರೂ ಅಷ್ಟೇ.

ಆಮೇಲೆ ಬ್ಲಾಕ್ 020. ನಾಲ್ಕೂ ಸಿಲಿಂಡರ್‌ನಲ್ಲಿ ಟೈಮಿಂಗ್ ಎಷ್ಟು ಹಿಂದೆ ಹೋಗ್ತಿದೆ ಅಂತ ಕಾಣುತ್ತೆ. ಅಲ್ಲಿ ದೊಡ್ಡ ಅಂಕಿ ಬಂದರೆ ನಿಮಗೆ ಬೇಕಾಗಿರೋದು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಂಪು ಮಾಡೋದು).

ಹುಬ್ಬಳ್ಳಿ ಹಯ
ಏನ್ರಿ ಇದು, ಕ್ಯಾಮ್ ಕೇಳಿದ್ರ ಕೇಬಲ್ ತೋರಸ್ತೀರಿ! 😄 ನಂದೊಂದು ಪ್ರಶ್ನೆ ಐತ್ರಿ. ಹೊಸಾ ಕ್ಯಾಮ್ ತರಿಸೋದಕ್ಕಿಂತ ಇದ್ದಿದ್ದನ್ನೇ ಗ್ರೈಂಡ್ ಮಾಡಿಸಿದ್ರ ಆಗೂದಿಲ್ಲೇನು? ಅರ್ಧ ರೊಕ್ಕದಾಗ ಮುಗೀತದ.

ಲೇತ್ ಮೇಷ್ಟ್ರು
ಹಯ ಅವರೇ, ಆಗುತ್ತೆ. ಆದರೆ ಅದು ಲೇತ್ ಕೆಲಸ ಅಲ್ಲ, ಕ್ಯಾಮ್ ಗ್ರೈಂಡಿಂಗ್ ಮಷೀನೇ ಬೇಕು. ಇದ್ದ ಕ್ಯಾಮ್‌ಗೆ ಲೋಹ ಸೇರಿಸೋಕೆ ಆಗಲ್ಲವಲ್ಲ, ಬುಡದ ವೃತ್ತವನ್ನೇ ಸವೆಸಿ ಲಿಫ್ಟ್ (ವಾಲ್ವ್ ಏಳುವ ಎತ್ತರ) ಜಾಸ್ತಿ ಮಾಡ್ತಾರೆ. ಈ ಎಂಜಿನ್‌ನಲ್ಲಿ ಇರೋದು ಹೈಡ್ರಾಲಿಕ್ ಲಿಫ್ಟರ್, ಕ್ಯಾಮ್‌ಗೂ ವಾಲ್ವ್‌ಗೂ ನಡುವಿನ ಸಂದನ್ನು ಎಣ್ಣೆಯಿಂದ ತುಂಬುವ ಭಾಗ. ಬುಡ ಸವೆದಷ್ಟೂ ಲಿಫ್ಟರ್ ಎಣ್ಣೆ ತುಂಬಿಕೊಂಡು ಮೇಲೆ ಬರಬೇಕು. ಅದಕ್ಕೂ ಒಂದು ಮಿತಿ ಇದೆ. ಮಿತಿ ದಾಟಿದರೆ ಟಕಟಕ ಶಬ್ದ ನಿಲ್ಲೋದೇ ಇಲ್ಲ.

ಇನ್ನೊಂದು, ಲೋಬ್ ಮೇಲ್ಮೈಯ ಗಟ್ಟಿ ಪದರ ತೆಳ್ಳಗಿರುತ್ತೆ. ಜಾಸ್ತಿ ಸವೆಸಿದರೆ ಒಳಗಿನ ಮೆತ್ತನೆ ಲೋಹ ಹೊರಬಿದ್ದು ಲೋಬ್ ಬೇಗ ತಿಂದುಹೋಗುತ್ತೆ.

ಜೆ.ಸಿ. ರೋಡ್ ಜಾಣ
ಗ್ರೈಂಡ್ ಮಾಡಿಸಿದ ಕ್ಯಾಮ್ ಒಂದನ್ನು ನಾನು ಕೈಯಲ್ಲೇ ಹಿಡಿದು ನೋಡಿದ್ದೇನೆ. ಇದೇ ಊರಿನ ಒಂದು ಗ್ಯಾರೇಜ್, ಹೆಸರು ಬೇಡ. ಲೋಬ್ ತುದಿಯಲ್ಲಿ ಉಗುರು ಆಡಿಸಿದರೆ ತಡೆಯುತ್ತಿತ್ತು, ಅಷ್ಟು ಗೀರು. ಬಕೆಟ್ (ಲೋಬ್ ಒತ್ತುವ ಲಿಫ್ಟರ್ ತಲೆ) ನಡುವೆ ಬಟ್ಟಲಿನ ಹಾಗೆ ಗುಳಿ. ಎಣ್ಣೆ ಫಿಲ್ಟರ್ ಕತ್ತರಿಸಿ ಬಿಸಿಲಿಗೆ ಹಿಡಿದರೆ ಒಳಗೆಲ್ಲ ಮಿಣಮಿಣ ಪುಡಿ. ಗಾಡಿಯವರು ಗ್ಯಾರೇಜಿಗೆ ಹೋದರೆ "ನೀವು ಎಣ್ಣೆ ಸರಿಯಾಗಿ ಹಾಕಿಲ್ಲ" ಅಂತ ಅವರಿಗೇ ತಿರುಗಿಸಿ ಬಿಟ್ಟರು.

ಡೀಸೆಲ್ ದೊರೆ
ಅದಕ್ಕೇ ನಾನು ಡೀಸೆಲ್.

ಸ್ಟಟ್‌ಗಾರ್ಟ್ ಸುಬ್ಬು
ಇಲ್ಲಿ ಕೂತು ಒಂದು ತಿದ್ದುಪಡಿ. "ಟರ್ಬೊಗೆ ಓವರ್‌ಲ್ಯಾಪ್ ಬೇಡ" ಅನ್ನೋದನ್ನು ಗಾದೆ ಮಾಡ್ಕೋಬೇಡಿ. ನೋಡಬೇಕಾದ್ದು ಯಾವ ಕಡೆ ಒತ್ತಡ ಜಾಸ್ತಿ ಅಂತ. ಎಕ್ಸಾಸ್ಟ್ ಕಡೆ ಜಾಸ್ತಿ ಇದ್ದರೆ ಮೇಷ್ಟ್ರು ಹೇಳಿದ್ದೇ ಸರಿ. ಇನ್‌ಟೇಕ್ ಕಡೆ ಜಾಸ್ತಿ ಇದ್ದರೆ ಓವರ್‌ಲ್ಯಾಪ್‌ನಿಂದ ಸಿಲಿಂಡರ್ ಚೆನ್ನಾಗಿ ತೊಳೆದುಹೋಗುತ್ತೆ. ಈಗಿನ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್‌ಗಳು ಕಡಿಮೆ ಆರ್‌ಪಿಎಂನಲ್ಲಿ ಬೇಕಂತಲೇ ಓವರ್‌ಲ್ಯಾಪ್ ಹೆಚ್ಚಿಸಿ ಟರ್ಬೊವನ್ನು ಬೇಗ ಎಬ್ಬಿಸುತ್ತವೆ. ಅಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್‌ಗೆ ಬೀಳೋದರಿಂದ, ವಾಲ್ವ್ ಮುಚ್ಚಿದ ಮೇಲೆ ಸಿಂಪಡಿಸಬಹುದು. ಹಾದುಹೋಗೋದು ಬರೀ ಗಾಳಿ. ನಿಮ್ಮ 1.8ರಲ್ಲಿ ಪೆಟ್ರೋಲ್ ಪೋರ್ಟ್‌ನಲ್ಲೇ ಬೀಳುತ್ತೆ. ಗಾಳಿ ಜೊತೆ ಅದೂ ಸುಡದೆ ಎಕ್ಸಾಸ್ಟ್‌ಗೆ ಹೋಗುತ್ತೆ, ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಬಿಸಿಯಾಗುತ್ತೆ.

ಒತ್ತಡ ಅಳೆಯಲೂಬಹುದು. ಮ್ಯಾನಿಫೋಲ್ಡ್‌ಗೆ ಒಂದು ತೂತು ಕೊರೆಸಿ, ಉದ್ದನೆ ತಾಮ್ರದ ಟ್ಯೂಬನ್ನು ಸುರುಳಿ ಸುತ್ತಿ ತಂದು, ಸಾಮಾನ್ಯ ಪ್ರೆಶರ್ ಗೇಜ್ ಸಿಕ್ಕಿಸಿ. ಸುರುಳಿಯಲ್ಲಿ ಬಿಸಿ ಆರುತ್ತೆ, ಗೇಜ್ ಸುಡಲ್ಲ. ಪಕ್ಕದಲ್ಲೇ ಬೂಸ್ಟ್ ಗೇಜ್. ಎರಡನ್ನೂ ಒಂದೇ ವಿಡಿಯೊದಲ್ಲಿ ಹಿಡಿದರೆ ಇಲ್ಲಿ ಅರ್ಧ ಜಗಳ ಮುಗಿಯುತ್ತೆ.

ಶಿರಾಡಿ ಸವಾರ
ಜಗಳ ಮುಗಿದ್ರೆ ಮತ್ತೆ ಇಲ್ಲಿಗೆ ಯಾಕೆ ಬರೋದು ಮಾರಾಯ್ರೆ?

ಕಾಫಿ ಸೀಮೆ
ನನ್ನದೂ ಇದೇ ಕಾರು. ಚಿಕ್ಕಮಗಳೂರು ಕಡೆ ತಿರುವಿನ ರಸ್ತೆಯಲ್ಲೇ ಓಡೋದು. ನಾನು ಆಡಿ ಟಿಟಿ 225ರಲ್ಲಿ ಬರುವ ದೊಡ್ಡ ಟರ್ಬೊ ಕೆ04 ಹಾಕಿಸಿದ್ದೇನೆ. ಅದಕ್ಕೆ ಮ್ಯಾನಿಫೋಲ್ಡ್ ಬೇರೆ, ಇಂಜೆಕ್ಟರ್ ಬೇರೆ, ಇಸಿಯು ಮ್ಯಾಪ್ ಬೇರೆ. ಅದಾದ ಮೇಲೆ 252 ಕ್ಯಾಮ್. ಐಡ್ಲಿಂಗ್ ಕಂಪನಿ ಗಾಡಿ ಹಾಗೇ ಇದೆ, ಎಸಿ ಹಾಕಿದಾಗ ಸ್ವಲ್ಪ ನಡುಗುತ್ತೆ ಅಷ್ಟೇ. 3,000 ಕೆಳಗೆ ಮೊದಲಿಗಿಂತ ಒಂಚೂರು ಮಂದ. 5,000ದಿಂದ ಆಚೆ ಮಾತ್ರ ನಗು ತಡೆಯೋಕಾಗಲ್ಲ.

ಆದರೆ ಘಾಟಿಯಲ್ಲಿ ಹೇರ್‌ಪಿನ್‌ನಿಂದ ಹೊರಬರುವಾಗ ಎರಡನೇ ಗೇರಲ್ಲಿ 2,200 ಇರುತ್ತೆ. ಅಲ್ಲಿ ನನಗೆ ಹಳೇ ಕೆ03ಯೇ ಇಷ್ಟ ಇತ್ತು. 1,750ಕ್ಕೇ ಪೂರ್ತಿ ಟಾರ್ಕ್ ಸಿಗುತ್ತಿತ್ತು. ಈಗ ಗೇರ್ ಇಳಿಸಬೇಕು, ಕಾಯಬೇಕು.

ಬನಶಂಕರಿ ಬೂಸ್ಟ್
ಸೀಮೆ ಸಾರ್, ಕ್ಯಾಮ್ ಒಂದರಿಂದಲೇ ಎಷ್ಟು ಸಿಕ್ಕಿತು?

ಕಾಫಿ ಸೀಮೆ
ಬೇರೆ ಬೇರೆ ಅಳೆಸಿಲ್ಲ. ಎಲ್ಲ ಒಟ್ಟಿಗೆ ಮಾಡಿಸಿ ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಹಾಕಿದ್ದು.

ಲಾಗ್ ನೋಡಿ ಮಾತಾಡಿ
ಇದೇ ನೋಡಿ ತೊಂದರೆ. ಟರ್ಬೊ, ಇಂಜೆಕ್ಟರ್, ಮ್ಯಾಪ್, ಕ್ಯಾಮ್ ಎಲ್ಲ ಒಟ್ಟಿಗೆ ಬದಲಾಯಿಸಿ, ಆಮೇಲೆ ಪೂರ್ತಿ ಪುಣ್ಯ ಕ್ಯಾಮ್‌ಗೆ.

ಕಾಫಿ ಸೀಮೆ
ನಾನು ಎಲ್ಲಿ ಸಾರ್ ಕ್ಯಾಮ್‌ಗೆ ಪುಣ್ಯ ಕೊಟ್ಟೆ? ಮಂದ ಆಯ್ತು ಅಂತಲೂ ಬರೆದಿದ್ದೀನಲ್ಲ. ಪೂರ್ತಿ ಓದಿ.

ರಾಡ್ ರಂಗ
ಕೆಳಗೆ ಮಂದ, ಮೇಲೆ ಜೋರು ಅಂದರಲ್ಲ, ಸೀಮೆಯವರ ಆ ಮಾತಲ್ಲಿ ಒಂದು ಒಳ್ಳೆ ಅಂಶ ಇದೆ, ಯಾರೂ ಗಮನಿಸಲಿಲ್ಲ. ಈ ಎಂಜಿನ್‌ನ ಕನೆಕ್ಟಿಂಗ್ ರಾಡ್ (ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವಿನ ಕೊಂಡಿ) ಅಷ್ಟು ಗಟ್ಟಿ ಅಲ್ಲ. 350 ಎನ್‌ಎಂ ಆಸುಪಾಸು ಬಂದರೆ ಬಗ್ಗುವ ಭಯ ಇದೆ ಅಂತ ಇದನ್ನು ಬಿಚ್ಚಿದವರೆಲ್ಲ ಹೇಳ್ತಾರೆ. ರಾಡ್ ಬಗ್ಗಿಸೋದು ಕೆಳಗಿನ ಆರ್‌ಪಿಎಂನಲ್ಲಿ ದಿಢೀರ್ ಅಂತ ಬರುವ ಟಾರ್ಕ್.

ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ, ಭಾಗಿಸು 7,121. 300 ಎನ್‌ಎಂ 5,000ದಲ್ಲಿ ಇದ್ದರೆ 211 ಬಿಎಚ್‌ಪಿ. ಅದೇ 300 ಎನ್‌ಎಂ 6,500ರವರೆಗೂ ಹಿಡಿದಿಟ್ಟರೆ 274. ರಾಡ್ ಮೇಲೆ ಟಾರ್ಕಿನ ಹೊರೆ ಏರದೆ 60 ಬಿಎಚ್‌ಪಿ ಜಾಸ್ತಿ. ಕ್ಯಾಮ್ ಹಾಕೋದಕ್ಕೆ ನಿಜವಾದ ಕಾರಣ ಇದು. ಆದರೆ 6,500ರಲ್ಲೂ ಅಷ್ಟು ಗಾಳಿ ಕೊಡುವ ಟರ್ಬೊ ಇರಬೇಕು. ಕೆ03 ಕೊಡಲ್ಲ.

ಸ್ಟಟ್‌ಗಾರ್ಟ್ ಸುಬ್ಬು
ರಂಗ ಅವರೇ, ಸರಿಯಾಗಿ ಹೇಳಿದ್ರಿ. ಒಂದು ಸೇರಿಸ್ತೀನಿ. ಆರ್‌ಪಿಎಂ ಏರಿದರೆ ಎಳೆತದ ಹೊರೆ ರಾಡ್ ಬೋಲ್ಟ್ ಮೇಲೆ ಬೀಳುತ್ತೆ. 7,200 ತನಕ ರೇಸ್ ಮಾಡ್ತೀನಿ ಅಂತ ಕೆಂಪು ಗೆರೆ ಏರಿಸಬೇಡಿ.

ವಾಲ್ವ್ ಸ್ಪ್ರಿಂಗ್ ಕೂಡ ನೋಡಿ. ಇದರ ಇನ್‌ಟೇಕ್ ವಾಲ್ವ್ ಸುಮಾರು 27 ಮಿ.ಮೀ. ಅಗಲ. 1 ಬಾರ್ ಬೂಸ್ಟ್ ಅದರ ಬೆನ್ನಿನ ಮೇಲೆ ಒತ್ತಿದರೆ ಹತ್ತಿರ ಹತ್ತಿರ 5.8 ಕೆ.ಜಿ. ಬಲ, ವಾಲ್ವ್ ತೆರೆಯುವ ದಿಕ್ಕಿಗೆ. ಅಷ್ಟು ಬಲ ಸ್ಪ್ರಿಂಗ್ ಲೆಕ್ಕದಿಂದ ಕಳೆದುಹೋಯಿತು. ಹಳೇ ಗಾಡಿ, ಸ್ಪ್ರಿಂಗ್ ಮೊದಲೇ ಸೋತಿರುತ್ತೆ. ಅದರ ಮೇಲೆ ಎತ್ತರದ ಲಿಫ್ಟ್ ಇರುವ ಕ್ಯಾಮ್ ಹಾಕಿದರೆ 6,500ರಲ್ಲಿ ವಾಲ್ವ್ ತೇಲಾಡುತ್ತೆ. ಕ್ಯಾಮ್ ಬೆಲೆ ಕೇಳುವಾಗ ಸ್ಪ್ರಿಂಗ್, ಲಿಫ್ಟರ್ ಬೆಲೆಯನ್ನೂ ಸೇರಿಸಿಯೇ ಕೇಳಿ.

ಹುಬ್ಬಳ್ಳಿ ಹಯ
252 ಅಂದ್ರ ಎಲ್ಲಾ ಕಂಪನೀದೂ ಒಂದೇ ಏನ್ರಿ? ಶ್ರಿಕ್, ಕೆಂಟ್, ಕ್ಯಾಟ್ ಕ್ಯಾಮ್ಸ್, ಎಲ್ಲಾರೂ ಬ್ಯಾರೆ ಬ್ಯಾರೆ ಅಂಕಿ ಹೇಳ್ತಾರ.

ಲೇತ್ ಮೇಷ್ಟ್ರು
ಒಂದೇ ಅಲ್ಲ. ಕೆಲವರು ವಾಲ್ವ್ ಕೂದಲಷ್ಟು ಎದ್ದಾಗಿನಿಂದ ಅಳೆಯುತ್ತಾರೆ. ಕೆಲವರು 1 ಮಿ.ಮೀ. ಎದ್ದ ಮೇಲೆ, ಅಮೆರಿಕದವರು 0.050 ಇಂಚು ಎದ್ದ ಮೇಲೆ. ಒಂದೇ ಕ್ಯಾಮ್‌ಗೆ ಎರಡು ರೀತಿ ಅಳೆದರೆ 40 ಡಿಗ್ರಿ ವ್ಯತ್ಯಾಸ ಬಂದರೂ ಆಶ್ಚರ್ಯ ಇಲ್ಲ. ಹೋಲಿಸುವಾಗ 1 ಮಿ.ಮೀ. ಅಂಕಿಯನ್ನೇ ಕೇಳಿ. ಅದನ್ನು ಹೇಳೋಕೆ ಬಾರದ ಅಂಗಡಿಯವರ ಹತ್ರ ಕೊಳ್ಳಬೇಡಿ.

ಶಿರಾಡಿ ಸವಾರ
ನಮ್ಮ ಮಂಗಳೂರಲ್ಲಿ ಗಾಡಿಗಳು ಬೆಂಗಳೂರಿಗಿಂತ ಜೋರಾಗಿ ಎಳೀತವೆ. ಅದಕ್ಕೂ ಕ್ಯಾಮ್ ಕಾರಣವಾ? 😏

ಲಾಗ್ ನೋಡಿ ಮಾತಾಡಿ
ತಮಾಷೆಗೆ ಕೇಳಿದ್ರೂ ಪ್ರಶ್ನೆ ಒಳ್ಳೇದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 0.91 ಬಾರ್. ಗೇಜ್‌ನಲ್ಲಿ 0.7 ಬಾರ್ ಬರಬೇಕಾದರೆ ಟರ್ಬೊ ಗಾಳಿಯನ್ನು 1.77 ಪಟ್ಟು ಒತ್ತಬೇಕು. ಮಂಗಳೂರಲ್ಲಿ 1.69 ಪಟ್ಟು ಸಾಕು. ಅಷ್ಟಾದರೂ ಇಲ್ಲಿ ಮ್ಯಾನಿಫೋಲ್ಡ್‌ಗೆ ಸೇರುವ ಒಟ್ಟು ಒತ್ತಡ ಕಡಿಮೆಯೇ. ಸಣ್ಣ ಟರ್ಬೊಗೆ ಬೆಂಗಳೂರಲ್ಲಿ ದುಡಿಮೆ ಜಾಸ್ತಿ, ಕೂಲಿ ಕಡಿಮೆ.

ಡೀಸೆಲ್ ದೊರೆ
ಬೆಂಗಳೂರಲ್ಲಿ ಎಲ್ಲರದ್ದೂ ಅದೇ ಕಥೆ.

ಕಾನೂನು ಕಟ್ಟಪ್ಪ
ಮಧ್ಯೆ ಬರ್ತಿದ್ದೀನಿ, ಬೈಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ಸ್ವರೂಪ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿಸಿದ್ದಾರೆ. ವಿಮೆಯವರಿಗೂ ಇದು ಒಳ್ಳೆ ನೆಪ.

ಜೆ.ಸಿ. ರೋಡ್ ಜಾಣ
ವಾಲ್ವ್ ಕವರ್ ಬಿಚ್ಚಿ ಕ್ಯಾಮ್ ನೋಡುವ ಪೊಲೀಸಪ್ಪ ಸಿಕ್ಕರೆ ಅವರಿಗೆ ನಾನೇ ಕಾಫಿ ಕೊಡಿಸ್ತೀನಿ.

ಕಾನೂನು ಕಟ್ಟಪ್ಪ
ಪೊಲೀಸರು ನೋಡಲ್ಲ. ಅಪಘಾತ ಆಗಿ ಕ್ಲೇಮ್‌ಗೆ ಹೋದಾಗ ವಿಮೆ ಕಡೆಯ ಸರ್ವೇಯರ್ ನೋಡ್ತಾರೆ. ನಿಮ್ಮಿಷ್ಟ.

ಪುಟ್ಟಕ್ಕನ ಪೆಟ್ರೋಲ್
ಯಾರೂ ಬ್ರೇಕ್ ಬಗ್ಗೆ ಬರೆದಿಲ್ಲ. ಓವರ್‌ಲ್ಯಾಪ್ ಜಾಸ್ತಿ ಇರುವ ಕ್ಯಾಮ್ ಹಾಕಿದರೆ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಬೀಳುತ್ತೆ. ಬ್ರೇಕ್ ಬೂಸ್ಟರ್ ನಡೆಯೋದು ಅದರಿಂದಲೇ. ನನ್ನ ತಮ್ಮನ ಗಾಡಿಯಲ್ಲಿ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಪದೇ ಪದೇ ಬ್ರೇಕ್ ಒತ್ತಿ ಬಿಟ್ಟು ಮಾಡುವಾಗ ಪೆಡಲ್ ಕಲ್ಲಿನ ಹಾಗೆ ಆಗ್ತಿತ್ತು. 272 ಕೇಳಿದ್ರಲ್ಲ, ಅದನ್ನೂ ಯೋಚಿಸಿ.

ಇನ್ನೊಂದು, ಈಗ ಎಲ್ಲ ಬಂಕ್‌ನಲ್ಲೂ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್). ಎಥನಾಲ್‌ನಿಂದ ನಾಕಿಂಗ್ ತಡೆಯೋ ಶಕ್ತಿ ಬರುತ್ತೆ, ಆದರೆ ಅದೇ ಪವರ್‌ಗೆ ಇಂಜೆಕ್ಟರ್ ಜಾಸ್ತಿ ಹೊತ್ತು ತೆರೆದಿರಬೇಕು. 2005ರ ಗಾಡಿಯ ರಬ್ಬರ್ ಪೈಪ್‌ಗಳನ್ನು ಒಮ್ಮೆ ಮುಟ್ಟಿ ನೋಡಿ. ಕ್ಯಾಮ್ ದುಡ್ಡಲ್ಲಿ ಅದಕ್ಕೂ ಒಂದು ಪಾಲು ಇಡಿ.

ಬನಶಂಕರಿ ಬೂಸ್ಟ್
ಅಕ್ಕ, ಬ್ರೇಕ್ ವಿಷಯ ತಲೆಗೇ ಹೊಳೆದಿರಲಿಲ್ಲ, ಥ್ಯಾಂಕ್ಸ್. ಲಾಗ್ ತೆಗೆದೆ. 5,200ರಿಂದ ಬೂಸ್ಟ್ ಕೇಳಿದ್ದಕ್ಕಿಂತ ಇಳಿಯುತ್ತಾ ಬರುತ್ತೆ. ಮೂರನೇ ಸಿಲಿಂಡರ್‌ನಲ್ಲಿ ಟೈಮಿಂಗ್ 6 ಡಿಗ್ರಿ ತನಕ ಹಿಂದೆ ಹೋಗ್ತಿದೆ. ಮಧ್ಯಾಹ್ನ ಇನ್ನೂ ಜಾಸ್ತಿ.

ಲಾಗ್ ನೋಡಿ ಮಾತಾಡಿ
ಮುಗೀತಲ್ಲ! ಮೊದಲು ಸ್ಮೋಕ್ ಟೆಸ್ಟ್ ಮಾಡಿಸಿ, ಪೈಪ್ ಲೀಕ್ ಇದೆಯಾ ನೋಡಿ. ಆಮೇಲೆ ಮುಂದೆ ಕೂರುವ ದೊಡ್ಡ ಇಂಟರ್‌ಕೂಲರ್. ಕ್ಯಾಮ್ ಆಸೆ ಟರ್ಬೊ ಬದಲಾಯಿಸುವ ದಿನಕ್ಕೆ ಇಟ್ಟುಕೊಳ್ಳಿ.

ಶಿರಾಡಿ ಸವಾರ
ಹುಡುಗನ ಆಸೆಗೆಲ್ಲ ನೀರು ಹಾಕಿದ್ರಿ.

ಲೇತ್ ಮೇಷ್ಟ್ರು
ಬೂಸ್ಟ್ ಅವರೇ, ಬೆಲ್ಟ್ ಕೆಲಸ ಮಾಡಿಸುವಾಗ ಇನ್ನೊಂದು ಕಡೆಯೂ ನೋಡಿಸಿ. ಇದರಲ್ಲಿ ಬೆಲ್ಟ್ ತಿರುಗಿಸೋದು ಎಕ್ಸಾಸ್ಟ್ ಕ್ಯಾಮನ್ನು ಮಾತ್ರ. ಅಲ್ಲಿಂದ ಇನ್‌ಟೇಕ್ ಕ್ಯಾಮ್‌ಗೆ ಇನ್ನೊಂದು ತುದಿಯಲ್ಲಿ ಸಣ್ಣ ಚೈನ್ ಇದೆ, ಅದಕ್ಕೊಂದು ಹೈಡ್ರಾಲಿಕ್ ಟೆನ್ಷನರ್. ಟೆನ್ಷನರ್ ಪ್ಯಾಡ್ ಸವೆದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗರಗರ ಅನ್ನುತ್ತೆ. ಚೈನ್ ತೆಗೆದು ಹಾಕುವಾಗ ಎರಡು ಕ್ಯಾಮ್‌ಗಳ ಗುರುತಿನ ನಡುವೆ ಸರಿಯಾಗಿ 16 ರೋಲರ್ ಬರಬೇಕು. ಎಣಿಸುವಾಗ ನೀವೂ ಪಕ್ಕದಲ್ಲಿ ನಿಂತುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಒಂದು ಹಲ್ಲು ಆಚೀಚೆ ಆದರೂ ಇನ್‌ಟೇಕ್ ಟೈಮಿಂಗ್ ಕೆಟ್ಟು, ಯಾವ ಸೆನ್ಸರ್ ಬದಲಾಯಿಸಿದರೂ ಗಾಡಿ ಸರಿ ಹೋಗಲ್ಲ.

ಹೀಗೆ ಚೈನ್‌ನಿಂದ ಜೋಡಿಸಿರೋದರಿಂದ ಬೆಲ್ಟ್ ಕಡೆ ಅಡ್ಜಸ್ಟ್ ಮಾಡುವ ಗೇರ್ ಹಾಕಿದರೆ ಎರಡೂ ಕ್ಯಾಮ್ ಒಟ್ಟಿಗೇ ಸರಿಯುತ್ತವೆ. ಓವರ್‌ಲ್ಯಾಪ್ ಬದಲಾಗಲ್ಲ. ಗೇರ್ ತಿರುಗಿಸಿ ಓವರ್‌ಲ್ಯಾಪ್ ಕಡಿಮೆ ಮಾಡ್ತೀನಿ ಅಂತ ಯಾರಾದರೂ ಹೇಳಿದರೆ ಅವರಿಗೆ ಈ ಎಂಜಿನ್ ಗೊತ್ತಿಲ್ಲ.

ರಾಡ್ ರಂಗ
ಮುಂದೆ ಎಂದಾದರೂ ಕ್ಯಾಮ್ ಹಾಕಿಸಿದರೆ, ಹೆಡ್ ಬಿಚ್ಚಿದಾಗ ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಇಡಿಸಿ. ವಾಲ್ವ್‌ಗೆ ಎಣ್ಣೆ ಸವರಿ, ಲಿಫ್ಟರ್ ಜಾಗಕ್ಕೆ ಕುಗ್ಗದ ಗಟ್ಟಿ ಲಿಫ್ಟರ್ ಹಾಕಿ, ಹೆಡ್ ಕೂರಿಸಿ ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಕ್ಲೇ ಕತ್ತರಿಸಿ ತೆಳುವಾದ ಕಡೆ ಅಳೆಯಿರಿ. ಇನ್‌ಟೇಕ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಉಳಿದಿದ್ದರೆ ನೆಮ್ಮದಿ. ಎಣ್ಣೆ ತುಂಬದ ಹೈಡ್ರಾಲಿಕ್ ಲಿಫ್ಟರ್ ಇಟ್ಟುಕೊಂಡು ಅಳೆದರೆ ಅದು ಕುಗ್ಗಿ, ಇಲ್ಲದ ಜಾಗ ಇದ್ದ ಹಾಗೆ ತೋರಿಸುತ್ತೆ.

ಲೀನಿಯಾ ಲಿಂಗು
ನನ್ನದು ಫಿಯೆಟ್ ಲೀನಿಯಾ ಟಿ-ಜೆಟ್, 1.4 ಟರ್ಬೊ. ಅದಕ್ಕೂ ಇದೇ ಲೆಕ್ಕವಾ?

ಲೇತ್ ಮೇಷ್ಟ್ರು
ಅದರ ಐಎಚ್‌ಐ ಟರ್ಬೊ ಕೆ03ಗಿಂತಲೂ ಪುಟ್ಟದು. ಕ್ಯಾಮ್ ಹೆಸರೇ ಎತ್ತಬೇಡಿ. ಬಿಡಿಭಾಗ ಎಲ್ಲಿಂದ ತರಿಸ್ತಿದ್ದೀರಿ ಅದನ್ನು ಮೊದಲು ಹೇಳಿ.

ಲೀನಿಯಾ ಲಿಂಗು
ಅದನ್ನು ಕೇಳೋಕೇ ಬಂದಿದ್ದು ಸಾರ್. ಹಿಂದಿನ ಬಾಗಿಲಿನ ಪವರ್ ವಿಂಡೋ ಮೋಟರ್ ಯಾರ ಹತ್ರನಾದ್ರೂ ಇದೆಯಾ?